ಕೆಂಪು ಕಾವಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಿಸಿ ಮಾಡಿ ಬಡಿಯುವಾಗ, ಒತ್ತುವಾಗ, ರೋಲರ್‌ಗಳ ನಡುವೆ ಹಾಯಿಸುವಾಗ ಸ್ಟೇನ್‌ಲೆಸ್ ಸ್ಟೀಲಿನ ಒಳಗೆ ಏನು ನಡೆಯುತ್ತದೆ ಎಂಬ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. 304, 316, 2205ರಂಥ ಸಂಖ್ಯೆಗಳು ಸ್ಟೀಲಿನ ಗ್ರೇಡ್‌ಗಳ ಹೆಸರು. ತಾಪಮಾನಗಳೆಲ್ಲ ಸೆಲ್ಸಿಯಸ್‌ನಲ್ಲಿವೆ. ಅವು ಲೋಹದ ತಾಪಮಾನಗಳು, ಕುಲುಮೆಯ ಮೀಟರ್ ತೋರಿಸುವ ಅಂಕಿಗಳಲ್ಲ. ದಪ್ಪ ಬಿಲೆಟ್‌ನಲ್ಲಿ (ಬಡಿಯಲು ತಂದ ಲೋಹದ ದಿಮ್ಮಿಯಲ್ಲಿ) ಇವೆರಡರ ನಡುವೆ ದೊಡ್ಡ ಅಂತರ ಇರಬಹುದು.

ಪ್ರಶ್ನೆ: 304ಎಲ್ ಫ್ಲ್ಯಾಂಜ್‌ಗಳನ್ನು 1240 ಡಿಗ್ರಿಗೆ ಕಾಯಿಸಿ ಫೋರ್ಜ್ ಮಾಡಿ, ಆಮೇಲೆ 1050ರಲ್ಲಿ ಸಲ್ಯೂಶನ್ ಅನೀಲಿಂಗ್ (ಕಾಯಿಸಿ ನಿಲ್ಲಿಸುವ ಉಷ್ಣೋಪಚಾರ) ಮಾಡಿ ನೀರಿಗೆ ಹಾಕುತ್ತೇವೆ. ಕೊನೆಯ ಕಾವಿನಲ್ಲಿ ಅಳತೆ ಸರಿಪಡಿಸುವಷ್ಟು ಮಾತ್ರ ಒತ್ತುತ್ತೇವೆ. ಅಲ್ಟ್ರಾಸಾನಿಕ್ ಪರೀಕ್ಷೆಯಲ್ಲಿ ಬಿರುಕೇನೂ ಕಾಣುತ್ತಿಲ್ಲ, ಆದರೆ ಪರದೆ ತುಂಬ ಗದ್ದಲ. ಗ್ರಾಹಕರು ಮಾಲು ವಾಪಸು ಕಳಿಸುತ್ತಿದ್ದಾರೆ. ಗ್ರೇನ್ ಸೈಜ್ (ಲೋಹದ ಹರಳಿನ ಗಾತ್ರ) ಎಎಸ್‌ಟಿಎಂ ಅಳತೆಯಲ್ಲಿ 1ರಿಂದ 2 ಬರುತ್ತಿದೆ, ಬೇಕಿರುವುದು 5 (ಸಂಖ್ಯೆ ಹೆಚ್ಚಿದಷ್ಟೂ ಹರಳು ಸಣ್ಣದು). ಅನೀಲಿಂಗ್ ಇನ್ನೊಮ್ಮೆ ಮಾಡಿದರೂ ಬದಲಾಗಲಿಲ್ಲ. ಕಾರ್ಬನ್ ಸ್ಟೀಲ್ ಆಗಿದ್ದರೆ ನಾರ್ಮಲೈಸಿಂಗ್‌ನಲ್ಲಿ (ಕಾಯಿಸಿ ಗಾಳಿಯಲ್ಲಿ ಆರಿಸುವುದರಲ್ಲಿ) ಸರಿಹೋಗುತ್ತಿತ್ತಲ್ಲ? (ಪೀಣ್ಯ, ಬೆಂಗಳೂರು)

ಉತ್ತರ: ನಿಮ್ಮನ್ನು ಇಲ್ಲಿ ದಾರಿ ತಪ್ಪಿಸುತ್ತಿರುವುದು ಕಾರ್ಬನ್ ಸ್ಟೀಲಿನ ಅನುಭವವೇ. ಕಾರ್ಬನ್ ಸ್ಟೀಲನ್ನು 900 ಡಿಗ್ರಿಯ ಆಚೀಚೆ ಕಾಯಿಸಿ ಆರಿಸಿದಾಗ ಅದರ ಒಳರಚನೆ ಎರಡು ಸಲ ಬದಲಾಗುತ್ತದೆ. ಫೆರೈಟ್, ಆಸ್ಟೆನೈಟ್ ಎಂದರೆ ಕಬ್ಬಿಣದ ಪರಮಾಣುಗಳು ಹರಳಿನಲ್ಲಿ ಜೋಡಣೆಗೊಳ್ಳುವ ಎರಡು ರೀತಿಗಳು. ಕಾಯುವಾಗ ಫೆರೈಟ್ ಹೋಗಿ ಆಸ್ಟೆನೈಟ್ ಬರುತ್ತದೆ, ಆರುವಾಗ ಆಸ್ಟೆನೈಟ್ ಹೋಗಿ ಮತ್ತೆ ಫೆರೈಟ್ ಬರುತ್ತದೆ. ಎರಡು ಸಲವೂ ಹೊಸ ಹರಳುಗಳು ಹುಟ್ಟುವುದರಿಂದ ಹಳೆಯ ದಪ್ಪ ಹರಳುಗಳ ಗುರುತೇ ಉಳಿಯುವುದಿಲ್ಲ. 304 ಕುಟುಂಬದಲ್ಲಿ ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕ್ಕೆಲ್ ಇರುತ್ತದೆ. ಇದು ಕೋಣೆಯ ತಾಪಮಾನದಿಂದ ಫೋರ್ಜಿಂಗ್ ಕಾವಿನವರೆಗೂ ಆಸ್ಟೆನೈಟ್ ಆಗಿಯೇ ಇರುತ್ತದೆ. ರಚನೆ ಬದಲಾಗದಿದ್ದರೆ ಹೊಸ ಹರಳು ಹುಟ್ಟಲು ಉಷ್ಣೋಪಚಾರದಲ್ಲಿ ಕಾರಣವೇ ಇಲ್ಲ. 1050ರ ಅನೀಲಿಂಗ್ ಕಾರ್ಬೈಡ್‌ಗಳನ್ನು ಕರಗಿಸುತ್ತದೆ, ಉಳಿದ ಬಿಗಿತವನ್ನು ಬಿಡಿಸುತ್ತದೆ, ಹರಳನ್ನು ಸಣ್ಣದು ಮಾಡುವುದಿಲ್ಲ. ಹೆಚ್ಚು ಹೊತ್ತು ಇಟ್ಟರೆ ಇನ್ನಷ್ಟು ದೊಡ್ಡದು ಮಾಡುತ್ತದೆ.

ಈ ಲೋಹದಲ್ಲಿ ಹರಳಿನ ಗಾತ್ರ ತೀರ್ಮಾನವಾಗುವುದು ಪ್ರೆಸ್ಸಿನ ಕೆಳಗೇ. ಬಿಸಿಯಲ್ಲಿ ಒತ್ತಿದಾಗ ಹರಳಿನೊಳಗೆ ಡಿಸ್‌ಲೊಕೇಶನ್‌ಗಳು (ಪರಮಾಣುಗಳ ಸಾಲು ತಪ್ಪಿದ ಗೆರೆಗಳು) ರಾಶಿಬೀಳುತ್ತವೆ. ಅಲ್ಯೂಮಿನಿಯಂನಲ್ಲಾಗಲಿ ಫೆರೈಟ್‌ನಲ್ಲಾಗಲಿ ಅವು ಒಂದು ಜಾರುತಲದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟಿ ಒಂದನ್ನೊಂದು ಅಳಿಸಿಹಾಕುತ್ತವೆ. 304ರ ಸ್ಟ್ಯಾಕಿಂಗ್ ಫಾಲ್ಟ್ ಶಕ್ತಿ (ಪರಮಾಣು ಪದರಗಳ ಕ್ರಮ ತಪ್ಪಿಸಲು ಬೇಕಾದ ಶಕ್ತಿ) ಬಹಳ ಕಡಿಮೆ, ಕೋಣೆಯ ತಾಪಮಾನದಲ್ಲಿ ಚದರ ಮೀಟರಿಗೆ ಸುಮಾರು 20 ಮಿಲಿಜೂಲ್. ಹೀಗಾಗಿ ಅವುಗಳಿಗೆ ದಾಟುವುದು ಕಷ್ಟ. ರಾಶಿ ಬೆಳೆಯುತ್ತಲೇ ಹೋಗಿ ಒಂದು ಮಿತಿ ಮುಟ್ಟಿದಾಗ ಹಳೆಯ ಹರಳುಗಳ ಅಂಚಿನಲ್ಲಿ ಡಿಸ್‌ಲೊಕೇಶನ್ ಇಲ್ಲದ ಪುಟ್ಟ ಹೊಸ ಹರಳುಗಳು ಮೊಳೆಯುತ್ತವೆ. ಮೊದಲು ಅಂಚಿನುದ್ದಕ್ಕೂ ಒಂದು ಸಾಲು, ಅದರ ಒಳಬದಿಗೆ ಇನ್ನೊಂದು, ಹೀಗೆ ಹಳೆಯ ಹರಳು ಪೂರ್ತಿ ಮುಗಿಯುವ ತನಕ. ಒತ್ತುತ್ತಿರುವಾಗಲೇ ನಡೆಯುವ ಈ ಕ್ರಿಯೆಗೆ ಡೈನಾಮಿಕ್ ರೀಕ್ರಿಸ್ಟಲೈಸೇಶನ್ ಎನ್ನುತ್ತಾರೆ. 1100 ಡಿಗ್ರಿಯಲ್ಲಿ, ಪ್ರೆಸ್ಸಿನ ಮಾಮೂಲಿ ವೇಗದಲ್ಲಿ, ಎತ್ತರ ಸುಮಾರು ಕಾಲುಭಾಗ ಇಳಿದ ಮೇಲೆ ಇದು ಶುರುವಾಗುತ್ತದೆ. ಪೂರ್ತಿಯಾಗಲು ಇನ್ನೂ ಎಷ್ಟೋ ಹೆಚ್ಚು ಒತ್ತಬೇಕು. ಅದಕ್ಕಿಂತ ಕಡಿಮೆ ಒತ್ತಿದ್ದರೂ ಎಲ್ಲ ಮುಗಿಯಲಿಲ್ಲ. ಶೇ. 15ರಿಂದ 20ರಷ್ಟು ಒತ್ತಿ, 1000 ಡಿಗ್ರಿಗಿಂತ ಮೇಲೆಯೇ ಬಿಟ್ಟರೆ, ಒತ್ತಡ ತೆಗೆದ ಮೇಲೆ ಸೆಕೆಂಡುಗಳಿಂದ ನಿಮಿಷಗಳೊಳಗೆ ಹೊಸ ಹರಳುಗಳು ಹುಟ್ಟುತ್ತವೆ.

ಈಗ ನಿಮ್ಮ ಕೊನೆಯ ಕಾವನ್ನು ನೋಡಿ. 1240ರಲ್ಲಿ ಕಾದು ನಿಂತಾಗ ಹಿಂದಿನ ಕಾವಿನ ಸಣ್ಣ ಹರಳುಗಳೆಲ್ಲ ಬೆಳೆದು ದಪ್ಪವಾದವು. ನೀವು ಅಳತೆಗಾಗಿ ಒತ್ತಿದ್ದು ಬಹುಶಃ ಶೇ. 5. ಹೊಸ ಹರಳು ಹುಟ್ಟಿಸಲು ಅದು ಸಾಲದು. ಇನ್ನೊಂದು ಅಪಾಯವೂ ಇದೆ. ಶೇ. 3ರಿಂದ 8ರಷ್ಟು ಒತ್ತಿ ಅನೀಲಿಂಗ್‌ಗೆ ಹಾಕಿದರೆ ಎಲ್ಲೋ ಒಂದೊಂದು ಹರಳು ನೆರೆಯವನ್ನು ನುಂಗಿ ವಿಪರೀತ ಬೆಳೆಯುತ್ತದೆ. ಎಎಸ್‌ಟಿಎಂ 1 ಎಂದರೆ ಹರಳಿನ ಸರಾಸರಿ ವ್ಯಾಸ ಕಾಲು ಮಿಲಿಮೀಟರ್. 5 ಎಂದರೆ ಅದರ ನಾಲ್ಕನೇ ಒಂದರಷ್ಟು, ಸುಮಾರು 64 ಮೈಕ್ರಾನ್. ಕಾಲು ಮಿಲಿಮೀಟರ್ ಹರಳುಗಳು ಅಲ್ಟ್ರಾಸಾನಿಕ್ ಅಲೆಯನ್ನು ಚದುರಿಸುತ್ತವೆ. ಪರದೆಯ ಗದ್ದಲ ಅದೇ. ಅದರ ಹಿಂದೆ ನಿಜವಾದ ದೋಷವಿದ್ದರೂ ಕಾಣದು, ಆದ್ದರಿಂದ ಗ್ರಾಹಕರು ವಾಪಸು ಕಳಿಸುವುದು ಸರಿಯಾಗಿಯೇ ಇದೆ.

ಮಾಡಬೇಕಾದ್ದು ಇಷ್ಟು. ಆಕಾರ ಬಿಡಿಸುವ ಮೊದಲ ಕಾವುಗಳಿಗೆ 1200ರವರೆಗೆ ಹೋಗಿ. ಕೊನೆಯ ಕಾವನ್ನು 1100ರಿಂದ 1120ಕ್ಕೆ ಸೀಮಿತಗೊಳಿಸಿ, ಒಳಗಿನವರೆಗೆ ಕಾವು ಹಿಡಿದ ಕೂಡಲೇ ತೆಗೆಯಿರಿ. ಊಟದ ವಿರಾಮ ಮುಗಿಯುವ ತನಕ ಕುಲುಮೆಯಲ್ಲಿ ಬಿಡಬೇಡಿ. ಆ ಕಾವಿಗೆಂದೇ ಕನಿಷ್ಠ ಶೇ. 25ರಿಂದ 30ರಷ್ಟು ಒತ್ತುವ ಕೆಲಸ ಉಳಿಸಿಕೊಳ್ಳಿ. ಎಂದರೆ ಹಿಂದಿನ ಹಂತದ ಪ್ರೀಫಾರ್ಮ್ (ಅರೆ ಆಕಾರಕ್ಕೆ ಬಂದ ತುಂಡಿನ) ಅಳತೆಯನ್ನೇ ಬದಲಿಸಬೇಕಾಗುತ್ತದೆ. 950ರಿಂದ 1000 ಡಿಗ್ರಿಯ ನಡುವೆ ಮುಗಿಸಿ, 925ಕ್ಕಿಂತ ಕೆಳಗೆ ಒತ್ತಬೇಡಿ. ಡೈಗಳನ್ನು 200ರಿಂದ 300 ಡಿಗ್ರಿಗೆ ಮೊದಲೇ ಕಾಯಿಸಿ. ತಣ್ಣನೆಯ ಡೈಗೆ ತಾಗಿದ ಮೈ ಹೆಪ್ಪುಗಟ್ಟಿದಂತಾಗಿ ಒತ್ತಡವನ್ನು ಒಳಕ್ಕೆ ದಾಟಿಸುತ್ತದೆ, ತಾನು ಮಾತ್ರ ವಿರೂಪಗೊಳ್ಳುವುದಿಲ್ಲ. ಮಧ್ಯದಲ್ಲಿ ಎಎಸ್‌ಟಿಎಂ 6, ಮೇಲ್ಮೈ ಬಳಿ 2 ಎಂಬ ಮಿಶ್ರ ಫಲಿತಾಂಶ ಬರುವುದು ಹೀಗೆ.

ಈಗಾಗಲೇ ಅಂತಿಮ ಅಳತೆಗೆ ಬಂದಿರುವ ಫ್ಲ್ಯಾಂಜ್‌ಗಳನ್ನು ಉಳಿಸುವ ದಾರಿಯಿಲ್ಲ. ಅವುಗಳನ್ನು ಮತ್ತೆ ಕಾಯಿಸಿ ಇನ್ನೊಂದು ಚಿಕ್ಕ ಕೆಲಸಕ್ಕೆ ಚೆನ್ನಾಗಿ ಒತ್ತಿ ಬಳಸಬಹುದು. ಮೂರನೇ ಸಲ ಅನೀಲಿಂಗ್ ಮಾಡಿ ಇಂಧನ ಸುಡಬೇಡಿ.

ಪ್ರಶ್ನೆ: ಇದೇ 304ನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತುವಾಗ ಚೆನ್ನಾಗಿ ಬರುತ್ತದೆ, ಹ್ಯಾಮರ್‌ಗೆ ಹಾಕಿದರೆ ಗಟ್ಟಿ ಎನಿಸುತ್ತದೆ. ತಾಪಮಾನ ಒಂದೇ. ಏಕೆ? (ಹೊಸೂರು)

ಉತ್ತರ: ಬಿಸಿ ಲೋಹಕ್ಕೆ ವೇಗವೂ ತಾಪಮಾನದಷ್ಟೇ ಮುಖ್ಯ. ಮೊದಲು ವೇಗವನ್ನು ಲೆಕ್ಕ ಹಾಕೋಣ. 100 ಮಿಲಿಮೀಟರ್ ಎತ್ತರದ ಬಿಲೆಟ್ ಮೇಲೆ ಪ್ರೆಸ್ ಸೆಕೆಂಡಿಗೆ 50 ಮಿಲಿಮೀಟರ್ ಇಳಿದರೆ ವಿರೂಪದ ದರ ಸೆಕೆಂಡಿಗೆ 0.5. ಹ್ಯಾಮರ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಿದ್ದರೆ ಅದೇ ಬಿಲೆಟ್‌ನಲ್ಲಿ ದರ 50. ನೂರು ಪಟ್ಟು ವ್ಯತ್ಯಾಸ.

ವೇಗ ಮತ್ತು ತಾಪಮಾನವನ್ನು ಒಂದೇ ತಕ್ಕಡಿಗೆ ಹಾಕುವ ಸೂತ್ರವನ್ನು ಕ್ಲಾರೆನ್ಸ್ ಝೀನರ್ ಮತ್ತು ಜಾನ್ ಹಾಲೊಮನ್ 1944ರಲ್ಲಿ ಕೊಟ್ಟರು. ಅದರಲ್ಲಿ ಬರುವ ಸಕ್ರಿಯಣ ಶಕ್ತಿ 304ಕ್ಕೆ ಮೋಲ್‌ಗೆ ಸುಮಾರು 400 ಕಿಲೋಜೂಲ್. ಈ ಅಂಕಿ ಹಾಕಿ 1100 ಡಿಗ್ರಿಗೆ ಲೆಕ್ಕ ಮಾಡಿದರೆ, ವೇಗ ಹತ್ತು ಪಟ್ಟು ಹೆಚ್ಚಿದಾಗ ಲೋಹಕ್ಕೆ ಅದು 85 ಡಿಗ್ರಿ ತಣ್ಣಗಾದಂತೆ. ನೂರು ಪಟ್ಟು ಹೆಚ್ಚಿದರೆ ಸುಮಾರು 160 ಡಿಗ್ರಿ. 1100ರಲ್ಲಿ ಹ್ಯಾಮರ್ ಹೊಡೆಯುವುದೂ 940ರಲ್ಲಿ ಪ್ರೆಸ್ ಒತ್ತುವುದೂ ಲೋಹಕ್ಕೆ ಹತ್ತಿರ ಹತ್ತಿರ ಒಂದೇ. ಬಲದಲ್ಲಿ ಹೇಳುವುದಾದರೆ, 1100ರಲ್ಲಿ ಪ್ರೆಸ್ಸಿನ ವೇಗಕ್ಕೆ ಸುಮಾರು 100 ಮೆಗಾಪಾಸ್ಕಲ್ ಇರುವ ಪ್ರತಿರೋಧ ಹ್ಯಾಮರ್ ವೇಗದಲ್ಲಿ 180ರ ಹತ್ತಿರ ಹೋಗುತ್ತದೆ.

ತಾಪಮಾನದ ಪ್ರಭಾವಕ್ಕೂ ಒಂದು ಅಂದಾಜು ಇಟ್ಟುಕೊಳ್ಳಿ. ದರ ಸೆಕೆಂಡಿಗೆ 1 ಇರುವಾಗ 304ರ ಗರಿಷ್ಠ ಪ್ರತಿರೋಧ 1100 ಡಿಗ್ರಿಯಲ್ಲಿ 110ರಿಂದ 120, 1000ದಲ್ಲಿ 160ರಿಂದ 170, 900ರಲ್ಲಿ 230 ಮೆಗಾಪಾಸ್ಕಲ್ ಸುಮಾರು. 1100ರಲ್ಲಿ ಸಾದಾ ಕಾರ್ಬನ್ ಸ್ಟೀಲಿಗೆ ಬೇಕಾಗುವುದರ ಒಂದೂವರೆ ಪಟ್ಟಿನಷ್ಟು ಇದು. 316ರಲ್ಲಿರುವ ಮಾಲಿಬ್ಡಿನಂ ಹರಳಿನ ಅಂಚುಗಳ ಚಲನೆಗೆ ತಡೆಯೊಡ್ಡುವುದರಿಂದ ಅದು ಇನ್ನೂ ಗಟ್ಟಿ. ಪ್ರೆಸ್ಸಿನ ಟನ್ನೇಜ್ ಆರಿಸುವಾಗ ಕಾರ್ಬನ್ ಸ್ಟೀಲಿನ ಕೋಷ್ಟಕ ನೋಡಿ, ಬಲ ಸಾಲದೆ ಪೇಚಾಡಿದವರು ಬಹಳ ಮಂದಿ.

ಹ್ಯಾಮರ್‌ನಲ್ಲಿ ಗಮನಿಸಬೇಕಾದ ಮತ್ತೊಂದು ಸಂಗತಿ, ಹೊಡೆತದ ಶಕ್ತಿಯ ಬಹುಪಾಲು ಶಾಖವಾಗುತ್ತದೆ, ಮತ್ತು ಅಷ್ಟು ಕಡಿಮೆ ಹೊತ್ತಿನಲ್ಲಿ ಅದು ಹೊರಗೆ ಹೋಗಲಾರದು. 200 ಮೆಗಾಪಾಸ್ಕಲ್ ಪ್ರತಿರೋಧದಲ್ಲಿ 0.5ರಷ್ಟು ವಿರೂಪವಾದರೆ ಒಳಗೆ ಸುಮಾರು 20 ಡಿಗ್ರಿ ಏರುತ್ತದೆ. ಎಡೆಬಿಡದೆ ಹೊಡೆದರೆ ಈ ಏರಿಕೆ ಕೂಡುತ್ತ ಹೋಗುತ್ತದೆ. ಮೈ ತಣ್ಣಗಾಗಿ ಕಪ್ಪಾಗುತ್ತಿರುವಾಗಲೇ ಒಡಲು ಮಿತಿ ಮೀರಿ ಕಾದಿರುವುದುಂಟು. ಹ್ಯಾಮರ್ ಕೆಲಸಕ್ಕೆ ಕಾವನ್ನು 1180ರಿಂದ 1200ರಲ್ಲಿ ನಿಲ್ಲಿಸಿ ಹೊಡೆತಗಳ ನಡುವೆ ಸ್ವಲ್ಪ ಬಿಡುವು ಕೊಡಿ ಎಂದು ನಾವು ಹೇಳುವುದು ಅದಕ್ಕೇ. ಆ ಬಿಡುವಿನಲ್ಲಿ ಹೊಸ ಹರಳುಗಳೂ ಹುಟ್ಟುತ್ತವೆ, ಮುಂದಿನ ಹೊಡೆತ ಹಗುರವಾಗುತ್ತದೆ. 900ಕ್ಕೆ ಇಳಿದ ಮೇಲೆ ಇದಕ್ಕೆ ನಿಮಿಷಗಟ್ಟಲೆ ಬೇಕು, ಹಾಗಾಗಿ ಅಲ್ಲಿ ಬಿಡುವು ಕೊಟ್ಟರೆ ತಣ್ಣಗಾಗುವುದಷ್ಟೇ ಲಾಭ.

ಪ್ರಶ್ನೆ: 120 ಮಿಲಿಮೀಟರ್ ಚೌಕದ 316 ಬಿಲೆಟ್‌ಗಳು. ಕುಲುಮೆ ಫರ್ನೇಸ್ ಆಯಿಲ್‌ನದು. ಮೊದಲ ಕೆಲವು ಒತ್ತುಗಳಲ್ಲೇ ಮೂಲೆಗಳು ಸೀಳುತ್ತವೆ, ಕೆಲವಕ್ಕೆ ಮೈಯೆಲ್ಲ ಮೊಸಳೆ ಚರ್ಮದಂತೆ ಬಿರುಕು. ಸರಬರಾಜುದಾರರ ಟೆಸ್ಟ್ ಸರ್ಟಿಫಿಕೇಟ್ ಸರಿಯಾಗಿದೆ. (ಬೆಳಗಾವಿ)

ಉತ್ತರ: ಎರಡು ಬಗೆಯ ಬಿರುಕನ್ನೂ ಒಂದೇ ಎಂದುಕೊಳ್ಳಬೇಡಿ. ಮೂಲೆ ಸೀಳುವುದಕ್ಕೆ ಬಹುಮಟ್ಟಿಗೆ ತಾಪಮಾನ ಕಾರಣ, ಮೊಸಳೆ ಚರ್ಮಕ್ಕೆ ಕುಲುಮೆಯ ಗಾಳಿ ಇಲ್ಲವೇ ಮೈಗೆ ಅಂಟಿದ ಹೊರಗಿನ ಲೋಹ.

ಮೂಲೆಗಳು ಎರಡು ಕಡೆಯಿಂದ ಆರುತ್ತವೆ. ಕುಲುಮೆಯಿಂದ ಪ್ರೆಸ್ಸಿಗೆ ಒಯ್ಯುವಷ್ಟರಲ್ಲಿ ಮುಖ 1150 ಇದ್ದರೂ ಮೂಲೆ ತುಂಬ ಇಳಿದಿರುತ್ತದೆ. ಮೊದಲ ಒತ್ತುಗಳು ಶೇ. 5ರಿಂದ 10 ಮೀರದಿರಲಿ. ಮೂಲೆಗಳನ್ನು ಮೊದಲು ಹಗುರವಾಗಿ ತಟ್ಟಿ ಎಂಟು ಮುಖ ಮಾಡಿಕೊಳ್ಳಿ, ಆಮೇಲೆ ಬಲವಾಗಿ ಒತ್ತಿ. ಬಿಲೆಟ್ ಎರಕದ ರಚನೆಯಲ್ಲೇ ಬಂದಿದ್ದರೆ ಇದು ಕಡ್ಡಾಯ. ಎರಕದ ಉದ್ದುದ್ದ ಹರಳುಗಳ ಅಂಚಿನಲ್ಲಿ ಗಂಧಕ ಸೇರಿಕೊಂಡಿರುತ್ತದೆ, ಹೊಸ ಹರಳು ಹುಟ್ಟುವ ತನಕ ಅದಕ್ಕೆ ಎಳೆತ ತಾಳುವ ಶಕ್ತಿ ಕಡಿಮೆ.

ಮೂಲೆ ತಣ್ಣಗಾಗದೆಯೂ ಸೀಳುತ್ತಿದ್ದರೆ ಉಲ್ಟಾ ಕಾರಣ ನೋಡಿ: ಬರ್ನರ್ ಜ್ವಾಲೆ ನೇರವಾಗಿ ಮೂಲೆಗೆ ಬಡಿಯುತ್ತಿದೆಯೇ? 1250 ದಾಟಿದರೆ ಆಸ್ಟೆನೈಟ್ ಅಂಚುಗಳಲ್ಲಿ ಡೆಲ್ಟಾ ಫೆರೈಟ್ (ಅತಿ ಹೆಚ್ಚಿನ ಕಾವಿನಲ್ಲಿ ಹುಟ್ಟುವ ಫೆರೈಟ್) ಹೆಚ್ಚತೊಡಗುತ್ತದೆ. 316ರ ಮಾಲಿಬ್ಡಿನಂ ಅದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ. ಬಿಸಿಯಲ್ಲಿ ಫೆರೈಟ್ ಮೆದು, ಆಸ್ಟೆನೈಟ್ ಗಟ್ಟಿ. ಇವೆರಡರ ಗಡಿಯಲ್ಲಿ ಬಿರುಕು ಬಾಯಿ ತೆರೆಯುತ್ತದೆ. ಸೀಳಿದ ತುಂಡನ್ನು ನೀರಲ್ಲಿ ಆರಿಸಿ ಫೆರೈಟ್ ಮೀಟರ್ ಹಿಡಿದರೆ, ಮೂಲೆಯಲ್ಲಿ ಓದು ಒಡಲಿಗಿಂತ ಹೆಚ್ಚಿದ್ದರೆ, ಅತಿಕಾವು ಎಂದು ಹೇಳಬಹುದು.

ಮೊಸಳೆ ಚರ್ಮಕ್ಕೆ ಮೊದಲ ಶಂಕೆ ಎಣ್ಣೆಯ ಗಂಧಕ. ಗಾಳಿ ಕಡಿಮೆಯಾಗಿ ಜ್ವಾಲೆ ಹೊಗೆಯಾಡುತ್ತಿದ್ದರೆ ಗಂಧಕ ಲೋಹದ ಅಂಚುಗಳಿಗೆ ಇಳಿಯುತ್ತದೆ. ನಿಕ್ಕೆಲ್ ಮತ್ತು ನಿಕ್ಕೆಲ್ ಸಲ್ಫೈಡ್ ಸೇರಿದ ಮಿಶ್ರಣ ಸುಮಾರು 640 ಡಿಗ್ರಿಗೇ ಕರಗುತ್ತದೆ. ಅಂಚಿನಲ್ಲಿ ದ್ರವವಿದ್ದರೆ ಒತ್ತಿದೊಡನೆ ಬಿಟ್ಟುಕೊಳ್ಳುತ್ತದೆ. ಹೊಗೆಗೊಳವೆಯ ಅನಿಲದಲ್ಲಿ ಶೇ. 2ರಿಂದ 4ರಷ್ಟು ಆಮ್ಲಜನಕ ಉಳಿಯುವಂತೆ ಬರ್ನರ್ ಹೊಂದಿಸಿ, ಗಂಧಕ ಕಡಿಮೆಯಿರುವ ಇಂಧನ ತನ್ನಿ. ಎರಡನೇ ಶಂಕೆ ತಾಮ್ರ. ಅದು 1085ಕ್ಕೆ ಕರಗಿ ಹರಳುಗಳ ನಡುವೆ ನುಸುಳುತ್ತದೆ. ಬಿಲೆಟ್ ಕಟ್ಟಿದ ಹಿತ್ತಾಳೆ ತಂತಿ, ಗರಗಸದ ಬಳಿ ಬಿದ್ದ ಹಿತ್ತಾಳೆ ಚೂರು, ಇಷ್ಟು ಸಾಕು. ಬಿರುಕಿರುವ ಜಾಗವನ್ನು ಕತ್ತರಿಸಿ ಪಾಲಿಶ್ ಮಾಡಿ, ಎಚ್ ಮಾಡದೆಯೇ (ರಾಸಾಯನಿಕದಿಂದ ಮೈ ಕೊರೆಯದೆಯೇ) ಸೂಕ್ಷ್ಮದರ್ಶಕದಲ್ಲಿ ನೋಡಿ. ಅಂಚಿನಲ್ಲಿ ಕೆಂಪು ಗೆರೆ ಕಂಡರೆ ತಾಮ್ರ, ಬೂದು ಗೆರೆ ಕಂಡರೆ ಸಲ್ಫೈಡ್ ಇಲ್ಲವೇ ಆಕ್ಸೈಡ್.

ಕಾಯಿಸುವ ಕ್ರಮವನ್ನೂ ಸರಿಪಡಿಸಿ. ಈ ಲೋಹದ ಶಾಖವಾಹಕತೆ ತಣ್ಣಗಿರುವಾಗ ಕಾರ್ಬನ್ ಸ್ಟೀಲಿನ ಮೂರನೇ ಒಂದರಷ್ಟು ಮಾತ್ರ, ಹಿಗ್ಗುವುದು ಅದಕ್ಕಿಂತ ಹೆಚ್ಚು. 850ರವರೆಗೆ ನಿಧಾನವಾಗಿ ಕಾಯಿಸಿ, ಒಳಹೊರಗು ಸಮವಾಗುವ ತನಕ ನಿಲ್ಲಿಸಿ, ಅಲ್ಲಿಂದ 1180ಕ್ಕೆ ಬೇಗ ಏರಿಸಿ. ದಪ್ಪದ ಪ್ರತಿ 25 ಮಿಲಿಮೀಟರಿಗೆ ಅರ್ಧ ಗಂಟೆ ಎಂಬುದು ಶಾಪ್‌ಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಅದು ಕುಲುಮೆಯಲ್ಲಿರುವ ಒಟ್ಟು ಹೊತ್ತಿನ ಲೆಕ್ಕ, ಗರಿಷ್ಠ ತಾಪಮಾನದಲ್ಲಿ ನಿಲ್ಲಿಸುವ ಹೊತ್ತಿನದಲ್ಲ.

ಪ್ರಶ್ನೆ: ಎಂ.ಟೆಕ್ ಯೋಜನೆಗಾಗಿ 304ರ ಬಿಸಿ ಸಂಪೀಡನ ಪರೀಕ್ಷೆಗಳನ್ನು ಗ್ಲೀಬಲ್ ಯಂತ್ರದಲ್ಲಿ ಮಾಡಿದ್ದೇನೆ. 900 ಡಿಗ್ರಿಯ ಸ್ಟ್ರೆಸ್-ಸ್ಟ್ರೇನ್ ರೇಖೆಯಲ್ಲಿ (ಲೋಹದ ಪ್ರತಿರೋಧ ಮತ್ತು ವಿರೂಪದ ಗ್ರಾಫ್‌ನಲ್ಲಿ) ಶಿಖರವೇ ಇಲ್ಲ. ಅಂದರೆ ಅಲ್ಲಿ ಡೈನಾಮಿಕ್ ರೀಕ್ರಿಸ್ಟಲೈಸೇಶನ್ ನಡೆದಿಲ್ಲ ಎಂದು ಬರೆಯಬಹುದೇ? ಪ್ರೊಸೆಸಿಂಗ್ ಮ್ಯಾಪ್‌ನಲ್ಲಿ (ಯಾವ ತಾಪಮಾನ, ವೇಗಕ್ಕೆ ಎಷ್ಟು ದಕ್ಷತೆ ಎಂದು ತೋರಿಸುವ ನಕ್ಷೆಯಲ್ಲಿ) ದಕ್ಷತೆ ಹೆಚ್ಚಿರುವ ಜಾಗವನ್ನೇ ಶಿಫಾರಸು ಮಾಡಿದರೆ ಸಾಕೇ? (ಸುರತ್ಕಲ್)

ಉತ್ತರ: ಮೊದಲನೆಯದಕ್ಕೆ ಬೇಡ, ಎರಡನೆಯದಕ್ಕೆ ಸಾಲದು.

ಹೊಸ ಹರಳು ಹುಟ್ಟಲು ಶುರುವಾಗುವುದು ಶಿಖರದಲ್ಲಲ್ಲ, ಅದಕ್ಕೂ ಮೊದಲು, ಶಿಖರದ ಸ್ಟ್ರೇನಿನ 0.6ರಿಂದ 0.8ರಷ್ಟು ಹೊತ್ತಿಗೆ. ಶಿಖರ ಎಂದರೆ ಗಟ್ಟಿಯಾಗುವ ವೇಗವೂ ಮೆದುವಾಗುವ ವೇಗವೂ ಸಮವಾದ ಕ್ಷಣ. 900ರಲ್ಲಿ ಆ ಕ್ಷಣ ನಿಮ್ಮ ಪರೀಕ್ಷೆ ನಿಂತ ಮೇಲೆ ಬರಬೇಕಿತ್ತೇನೋ. ಆರಂಭದ ಬಿಂದುವನ್ನು ಕಂಡುಹಿಡಿಯಲು ಪೋಲಿಯಾಕ್ ಮತ್ತು ಜೋನಾಸ್ 1996ರಲ್ಲಿ ಕೊಟ್ಟ ವಿಧಾನ ಬಳಸಿ. ಸ್ಟ್ರೆಸ್ ಏರುವ ದರವನ್ನು ಸ್ಟ್ರೆಸ್‌ಗೆ ಎದುರಾಗಿ ಗುರುತಿಸಿ, ರೇಖೆ ಬಾಗುದಿಕ್ಕು ಬದಲಿಸುವ ಬಿಂದುವನ್ನು ಹುಡುಕಬೇಕು. ದತ್ತಾಂಶದ ಗದ್ದಲವನ್ನು ಮೊದಲು ನಯಗೊಳಿಸದಿದ್ದರೆ ಇಂಥ ಬಿಂದುಗಳು ಹತ್ತು ಸಿಗುತ್ತವೆ, ಎಲ್ಲವೂ ಸುಳ್ಳು.

ರೇಖೆಯನ್ನು ನಂಬುವ ಮೊದಲು ಅದನ್ನು ತಿದ್ದಿದ್ದೀರಾ ಎಂದು ಕೇಳಿಕೊಳ್ಳಿ. 10 ಮಿಲಿಮೀಟರ್ ವ್ಯಾಸ, 15 ಮಿಲಿಮೀಟರ್ ಎತ್ತರದ ಸಿಲಿಂಡರ್ ಪರೀಕ್ಷೆಯ ನಂತರ ಪೀಪಾಯಿಯಂತೆ ಉಬ್ಬಿದ್ದರೆ ಘರ್ಷಣೆ ಸ್ಟ್ರೆಸ್ಸನ್ನು ಹುಸಿಯಾಗಿ ಏರಿಸಿದೆ, ಶಿಖರವನ್ನು ಮರೆಮಾಚಿದೆ. ಅಂತಿಮ ಎತ್ತರವನ್ನು ಅಂತಿಮ ವ್ಯಾಸದ ವರ್ಗದಿಂದ ಗುಣಿಸಿ, ಆರಂಭದ ಅದೇ ಗುಣಲಬ್ಧದಿಂದ ಭಾಗಿಸಿ. ಉತ್ತರ 1.1 ದಾಟಿದರೆ ಆ ಪರೀಕ್ಷೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ಸೆಕೆಂಡಿಗೆ 1 ಮತ್ತು ಅದಕ್ಕೂ ಹೆಚ್ಚಿನ ದರದಲ್ಲಿ ಇದಕ್ಕೆ ವಿರುದ್ಧವಾದ ಮೋಸ: ಒಳಗೆ ಹುಟ್ಟಿದ ಶಾಖ ಲೋಹವನ್ನು ಮೆದುಗೊಳಿಸಿ, ಹೊಸ ಹರಳು ಹುಟ್ಟದಿದ್ದರೂ ಶಿಖರ ತೋರಿಸುತ್ತದೆ. ಬೆಸೆದ ಥರ್ಮೋಕಪಲ್ ದಾಖಲಿಸಿದ ನಿಜ ತಾಪಮಾನಕ್ಕೆ ಸ್ಟ್ರೆಸ್ಸನ್ನು ತಿದ್ದಿ. ಗ್ರಾಫೈಟ್ ಹಾಳೆ ಬಳಸುತ್ತಿದ್ದರೆ ಮಾದರಿಯ ಕಡೆಗೆ ಟ್ಯಾಂಟಲಂ ಹಾಳೆಯೊಂದನ್ನು ಇಡಿ. ಇಲ್ಲದಿದ್ದರೆ 1100ರ ಮೇಲೆ ಇಂಗಾಲ ಲೋಹದೊಳಕ್ಕೆ ಹೋಗುತ್ತದೆ.

ಕೊನೆಯ ಮಾತು ಹೇಳಬೇಕಾದ್ದು ಸೂಕ್ಷ್ಮದರ್ಶಕ. ಒತ್ತುವುದು ನಿಂತ ಒಂದು ಸೆಕೆಂಡಿನೊಳಗೆ ನೀರು ಬೀಳಬೇಕು. 1100ರಲ್ಲಿ ಮೂರು ಸೆಕೆಂಡು ತಡವಾದರೂ ನೀವು ನೋಡುವುದು ಒತ್ತಿದ ಮೇಲೆ ಬೆಳೆದ ಹರಳುಗಳನ್ನು. ಮಾದರಿಯನ್ನು ಅಕ್ಷದುದ್ದಕ್ಕೂ ಸೀಳಿ, ಮಧ್ಯಭಾಗವನ್ನೇ ನೋಡಿ. ಆಕ್ಸಾಲಿಕ್ ಆಮ್ಲದ ಶೇ. 10ರ ದ್ರಾವಣದಲ್ಲಿ 6 ವೋಲ್ಟ್‌ಗೆ ಎಚ್ ಮಾಡಿದರೆ ಟ್ವಿನ್‌ಗಳೂ (ಹರಳಿನೊಳಗೆ ಕನ್ನಡಿಬಿಂಬದಂತೆ ತಿರುಗಿದ ಪಟ್ಟಿಗಳು) ಎದ್ದು ಕಾಣುತ್ತವೆ, ಹರಳು ಎಣಿಸುವುದು ಗೋಜಲಾಗುತ್ತದೆ. ಶೇ. 60ರ ನೈಟ್ರಿಕ್ ಆಮ್ಲದಲ್ಲಿ 1ರಿಂದ 1.5 ವೋಲ್ಟ್‌ಗೆ ಮಾಡಿದರೆ ಅಂಚುಗಳು ಮಾತ್ರ ಬರುತ್ತವೆ. ಇಬಿಎಸ್‌ಡಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹರಳುಗಳ ದಿಕ್ಕು ಅಳೆಯುವ) ಸೌಲಭ್ಯವಿದ್ದರೆ 15 ಡಿಗ್ರಿಗಿಂತ ಹೆಚ್ಚಿನ ಕೋನದ ಅಂಚು ಇರುವ, ಒಳಗೆ ದಿಕ್ಕು ಹೆಚ್ಚು ಕದಲದ ಹರಳುಗಳನ್ನು ಹೊಸವು ಎಂದು ಎಣಿಸಿ. 900ರ ಮಾದರಿಯಲ್ಲಿ ಹಳೆಯ ಅಂಚುಗಳ ಮೇಲೆ ಸಣ್ಣ ಹರಳುಗಳ ಸರ ಕಂಡರೆ, ರೇಖೆಯಲ್ಲಿ ಶಿಖರ ಇರಲಿ ಬಿಡಲಿ, ಕ್ರಿಯೆ ಶುರುವಾಗಿದೆ.

ಪ್ರೊಸೆಸಿಂಗ್ ಮ್ಯಾಪ್ ಬಗ್ಗೆ ಹೇಳಲು ನಮಗೆ ಹೆಮ್ಮೆಯಿದೆ. ಅದರ ಆಧಾರವಾದ ಡೈನಾಮಿಕ್ ಮೆಟೀರಿಯಲ್ಸ್ ಮಾಡೆಲನ್ನು 1984ರಲ್ಲಿ ಪ್ರಕಟಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ವೈ. ವಿ. ಆರ್. ಕೆ. ಪ್ರಸಾದ್ ಮೊದಲಿಗರು. ಮುಂದೆ ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದವರ ಜೊತೆಗೂಡಿ 304, 316ಎಲ್ ಮುಂತಾದವುಗಳ ನಕ್ಷೆಗಳೂ ತಯಾರಾದವು. ವೇಗ ಹೆಚ್ಚಿದಾಗ ಸ್ಟ್ರೆಸ್ ಎಷ್ಟು ಏರುತ್ತದೆ ಎಂಬ ವೇಗಸಂವೇದನೆಯ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಅದೇ ಸಂಖ್ಯೆಗೆ ಒಂದು ಕೂಡಿಸಿ ಭಾಗಿಸಿದರೆ ದಕ್ಷತೆ ಬರುತ್ತದೆ. ಸಂಖ್ಯೆ 0.2 ಆದರೆ ದಕ್ಷತೆ ಶೇ. 33. ಆದರೆ ಒಳಗೆ ಬಿರುಕು ತೆರೆಯುವುದಕ್ಕೂ ಶಕ್ತಿ ಖರ್ಚಾಗುತ್ತದೆ, ಆಗಲೂ ದಕ್ಷತೆ ಹೆಚ್ಚೇ ತೋರುತ್ತದೆ. ಆದ್ದರಿಂದ ನಕ್ಷೆಯ ಪ್ರತಿ ಗುಡ್ಡದಿಂದಲೂ ಒಂದು ಮಾದರಿಯನ್ನು ಸೀಳಿ ನೋಡಲೇಬೇಕು. ಅಸ್ಥಿರತೆ ತೋರಿಸುವ ಪ್ರದೇಶದಿಂದಲೂ ಒಂದನ್ನು ನೋಡಿ. ಅಲ್ಲಿ ವಿರೂಪ ಓರೆ ಪಟ್ಟಿಗಳಲ್ಲಿ ಗುಂಪುಗೂಡಿದೆಯೇ ಎಂಬುದೇ ನಕ್ಷೆಗೆ ನಿಜವಾದ ಪರೀಕ್ಷೆ. ನಾಲ್ಕೇ ವೇಗಗಳ ದತ್ತಾಂಶಕ್ಕೆ ಬಹುಪದಿ ಹೊಂದಿಸಿ ನಕ್ಷೆಯ ಅಂಚಿನಲ್ಲಿ ಬಂದ ಗುಡ್ಡಗಳನ್ನು ನಾವಾದರೆ ನಂಬುವುದಿಲ್ಲ.

ಪ್ರಶ್ನೆ: 304 ಪೈಪನ್ನು ತಣ್ಣಗೆ ಬಗ್ಗಿಸಿದ ಜಾಗಕ್ಕೆ ಅಯಸ್ಕಾಂತ ಅಂಟುತ್ತದೆ, ಅದೇ 304ರ ಬಿಸಿ ಫೋರ್ಜಿಂಗ್‌ಗೆ ಅಂಟುವುದಿಲ್ಲ. ಮಾಲು ನಕಲಿಯೇ? (ಶಿವಮೊಗ್ಗ)

ಉತ್ತರ: ಅಲ್ಲ. ತಣ್ಣಗೆ ಬಗ್ಗಿಸಿದಾಗ 304ರ ಆಸ್ಟೆನೈಟ್ ಭಾಗಶಃ ಮಾರ್ಟೆನ್ಸೈಟ್ ಆಗುತ್ತದೆ. ಅದು ಅಯಸ್ಕಾಂತಕ್ಕೆ ಅಂಟುವ ರಚನೆ. ಶೇ. 30ರಷ್ಟು ವಿರೂಪಕ್ಕೆ ಅರ್ಧದಷ್ಟು ಮಾರ್ಟೆನ್ಸೈಟ್ ಆಗುವ ತಾಪಮಾನವನ್ನು ರಾಸಾಯನಿಕ ಸಂಯೋಜನೆಯಿಂದ ಲೆಕ್ಕ ಹಾಕಬಹುದು. ನಿಕ್ಕೆಲ್ ಕನಿಷ್ಠ ಮಟ್ಟದಲ್ಲಿರುವ 304ಕ್ಕೆ ಅದು 20 ಡಿಗ್ರಿ ಸುಮಾರು, ಎಂದರೆ ನಮ್ಮ ಕೋಣೆಯ ತಾಪಮಾನ. ಕೆಂಪು ಕಾವಿನಲ್ಲಿ ಈ ಬದಲಾವಣೆ ನಡೆಯುವುದೇ ಇಲ್ಲ. ಬಿಸಿ ಫೋರ್ಜಿಂಗ್‌ಗೆ ಅಯಸ್ಕಾಂತ ಸಣ್ಣಗೆ ಎಳೆದರೆ ಒಳಗೆ ಡೆಲ್ಟಾ ಫೆರೈಟ್ ಉಳಿದಿದೆ ಎಂದರ್ಥ. ಗ್ರೇಡ್ ಖಚಿತ ಮಾಡಿಕೊಳ್ಳಬೇಕಿದ್ದರೆ ಸ್ಪೆಕ್ಟ್ರೋಮೀಟರ್‌ಗೆ ಕೊಡಿ. ಪಾತ್ರೆಗಳಿಗೆ ಬಳಸುವ ಕಡಿಮೆ ನಿಕ್ಕೆಲ್, ಹೆಚ್ಚು ಮ್ಯಾಂಗನೀಸ್‌ನ 200 ಸರಣಿಯೂ ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಪ್ರಶ್ನೆ: 2205 ಡ್ಯೂಪ್ಲೆಕ್ಸ್ ಫಿಟ್ಟಿಂಗ್‌ಗಳಲ್ಲಿ ಎರಡು ತೊಂದರೆ. ಒತ್ತುವಾಗ ಅಂಚು ಹರಿಯುತ್ತದೆ. ಹರಿಯದೆ ಬಂದವು ಮೈನಸ್ 40ರ ಚಾರ್ಪಿ (ಹೊಡೆತ ತಾಳುವ ಶಕ್ತಿಯ) ಪರೀಕ್ಷೆಯಲ್ಲಿ ಗಾಜಿನಂತೆ ಮುರಿಯುತ್ತವೆ. (ಪುಣೆ)

ಉತ್ತರ: ಈ ಸ್ಟೀಲಿನಲ್ಲಿ ಫೆರೈಟ್ ಮತ್ತು ಆಸ್ಟೆನೈಟ್ ಹೆಚ್ಚುಕಡಿಮೆ ಅರ್ಧರ್ಧ ಇರುತ್ತವೆ. ಎರಡೂ ಬಿಸಿಗೆ ಬೇರೆ ಬೇರೆ ರೀತಿ ಸ್ಪಂದಿಸುತ್ತವೆ. ಫೆರೈಟ್ ಮೆದು, ಡಿಸ್‌ಲೊಕೇಶನ್‌ಗಳನ್ನು ತಾನೇ ಅಳಿಸಿಕೊಂಡು ಸಲೀಸಾಗಿ ಆಕಾರ ಬದಲಿಸುತ್ತದೆ. ಆಸ್ಟೆನೈಟ್ ಗಟ್ಟಿಯಾಗುತ್ತಲೇ ಹೋಗುತ್ತದೆ. ಮೊದಮೊದಲು ವಿರೂಪವನ್ನೆಲ್ಲ ಫೆರೈಟ್ ಹೊರುತ್ತದೆ, ಅದು ಸಾಲದಾದಾಗ ಎರಡರ ಗಡಿ ಬಿಡುತ್ತದೆ. 1230ರಿಂದ 950 ಡಿಗ್ರಿ ಇದರ ಕೆಲಸದ ಹರವು. ಮೇಲಿನ ತುದಿಯಲ್ಲಿ ಫೆರೈಟ್ ಪ್ರಮಾಣ ಹೆಚ್ಚಿ ಲೋಹ ಮೆತ್ತಗಾಗುತ್ತದೆ, ಅಂಚು ಸೀಳುವುದೂ ಕಡಿಮೆ. ಅಂಚು ಹರಿಯುವುದು ಬಹುತೇಕ 1000ಕ್ಕಿಂತ ಕೆಳಗೆ ಒತ್ತಿದಾಗ. ಸಣ್ಣ ತುಂಡುಗಳಾದರೆ ಇಡೀ ಕೆಲಸವನ್ನು 1050ರ ಮೇಲೆಯೇ ಮುಗಿಸಿ, ಬೇಕಾದರೆ ಇನ್ನೊಂದು ಕಾವು ಕೊಡಿ. ಮಾಲು ಕೊಳ್ಳುವಾಗ ಗಂಧಕ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಎಂದು ಆರ್ಡರ್‌ನಲ್ಲೇ ಬರೆಯಿರಿ. ಗ್ರೇಡಿನ ಮಿತಿ ಶೇ. 0.02, ಚೆನ್ನಾಗಿ ಫೋರ್ಜ್ ಆಗುವ ಮಾಲಿನಲ್ಲಿ ಅದರ ಹತ್ತನೇ ಒಂದರಷ್ಟೂ ಇರುವುದಿಲ್ಲ.

ಗಾಜಿನಂತೆ ಮುರಿಯುವುದಕ್ಕೆ ಸಿಗ್ಮಾ ಫೇಸ್ ಕಾರಣ ಎಂಬುದರಲ್ಲಿ ನಮಗೆ ಹೆಚ್ಚು ಸಂದೇಹವಿಲ್ಲ. 600ರಿಂದ 950 ಡಿಗ್ರಿಯ ನಡುವೆ, ಅದರಲ್ಲೂ 850ರ ಸುತ್ತ, ಫೆರೈಟ್ ಒಡೆದು ಈ ಗಡಸು ರಚನೆಯಾಗುತ್ತದೆ. ನಿಮಿಷಗಳ ಲೆಕ್ಕದಲ್ಲಿ ಆಗುತ್ತದೆ, ವಿರೂಪಗೊಂಡ ಲೋಹದಲ್ಲಿ ಇನ್ನೂ ಬೇಗ. ಫೋರ್ಜ್ ಮಾಡಿದ ಫಿಟ್ಟಿಂಗ್‌ಗಳನ್ನು ಬಿಸಿಬಿಸಿಯಾಗಿಯೇ ಬುಟ್ಟಿಯಲ್ಲಿ ಒಂದರ ಮೇಲೊಂದು ಹಾಕುತ್ತಿದ್ದರೆ ನಡುವಿನವು ಆ ವಲಯದಲ್ಲಿ ಬೇಕಾದಷ್ಟು ಹೊತ್ತು ಕಳೆಯುತ್ತವೆ. ಇದನ್ನು ಉಷ್ಣೋಪಚಾರದಿಂದ ಸರಿಪಡಿಸಬಹುದು: 1040ರಿಂದ 1100ರಲ್ಲಿ ನಿಲ್ಲಿಸಿದರೆ ಸಿಗ್ಮಾ ಕರಗುತ್ತದೆ, ಆಮೇಲೆ ತಡಮಾಡದೆ ನೀರು. ಕುಲುಮೆಯ ಬಾಗಿಲಿನಿಂದ ತೊಟ್ಟಿಗೆ ಒಯ್ಯುವಾಗ ತೆಳು ಭಾಗ 950ಕ್ಕಿಂತ ಇಳಿದರೆ ಮಾಡಿದ್ದೆಲ್ಲ ವ್ಯರ್ಥ. ತೊಟ್ಟಿಯನ್ನು ಕುಲುಮೆಯ ಹತ್ತಿರಕ್ಕೆ ತನ್ನಿ, ನೀರು ಚಲಿಸುತ್ತಿರಲಿ, ಬುಟ್ಟಿಯಲ್ಲಿ ತುಂಡುಗಳ ನಡುವೆ ಅಂತರವಿರಲಿ. ಎಎಸ್‌ಟಿಎಂ ಎ923ರ ಪ್ರಕಾರ ಮೈನಸ್ 40ರಲ್ಲಿ ಕನಿಷ್ಠ 54 ಜೂಲ್ ಬರಬೇಕು. ಚಾರ್ಪಿಗೆ ಮೊದಲು ಅದೇ ಮಾನಕದ ಸೋಡಿಯಂ ಹೈಡ್ರಾಕ್ಸೈಡ್ ಎಚ್ ಮಾಡಿ ನೋಡಿದರೆ ಸಿಗ್ಮಾ ಇರುವ ಬ್ಯಾಚು ಬೇಗ ಸಿಕ್ಕಿಬೀಳುತ್ತದೆ.

ಪ್ರಶ್ನೆ: 430 ಹಾಳೆಯಿಂದ ಆಳವಾಗಿ ಎಳೆದ ಪಾತ್ರೆಗಳ ಮೈಮೇಲೆ ರೋಲಿಂಗ್ ದಿಕ್ಕಿನಲ್ಲಿ ಉದ್ದುದ್ದ ಗೆರೆಗಳು ಏಳುತ್ತವೆ. ಡೈ ಪಾಲಿಶ್ ಮಾಡಿದರೂ ಹೋಗಲಿಲ್ಲ. (ಹುಬ್ಬಳ್ಳಿ)

ಉತ್ತರ: ಅದು ಡೈಯದಲ್ಲ. 430 ಫೆರೈಟ್ ಸ್ಟೀಲ್. ಮೊದಲ ಉತ್ತರದಲ್ಲಿ ಹೇಳಿದಂತೆ ಫೆರೈಟ್ ಡಿಸ್‌ಲೊಕೇಶನ್‌ಗಳನ್ನು ಬಿಸಿಯಲ್ಲೇ ಅಳಿಸಿಕೊಳ್ಳುತ್ತದೆ. ಆದ್ದರಿಂದ ಹೊಸ ಹರಳು ಹುಟ್ಟಿಸುವಷ್ಟು ಶಕ್ತಿ ಒಳಗೆ ಕೂಡುವುದೇ ಇಲ್ಲ. ಎರಕದಲ್ಲಿ ಒಂದೇ ದಿಕ್ಕಿಗೆ ಬೆಳೆದ ಉದ್ದ ಹರಳುಗಳು ಹಾಟ್ ರೋಲಿಂಗ್‌ನಲ್ಲಿ ಒಡೆಯದೆ, ಚಪ್ಪಟೆಯಾಗಿ ಉದ್ದಕ್ಕೆ ಎಳೆಯಲ್ಪಡುತ್ತವೆ. ಹಾಳೆಯಲ್ಲಿ ಒಂದೇ ದಿಕ್ಕಿನ ಹರಳುಗಳ ಪಟ್ಟಿಗಳು ಉಳಿದು, ನೀವು ಎಳೆದಾಗ ಅಕ್ಕಪಕ್ಕದ ಪಟ್ಟಿಗಳು ಬೇರೆ ಬೇರೆಯಾಗಿ ತೆಳುವಾಗುತ್ತವೆ. ಪರಿಹಾರ ರೋಲಿಂಗ್ ಮಿಲ್ಲಿನ ಕೈಯಲ್ಲಿದೆ: ಎರಕದ ಹೊತ್ತಿನಲ್ಲಿ ವಿದ್ಯುತ್ಕಾಂತೀಯ ಕಲಕುವಿಕೆ, ಹಾಟ್ ರೋಲಿಂಗ್‌ನ ಕೊನೆಯ ಪಾಸುಗಳಲ್ಲಿ ಕಡಿಮೆ ತಾಪಮಾನದಲ್ಲಿ ಹೆಚ್ಚು ಇಳಿಕೆ, ಆ ಮೇಲಿನ ಅನೀಲಿಂಗ್, ಎರಡು ಹಂತದ ಕೋಲ್ಡ್ ರೋಲಿಂಗ್. ನೀವು ಮಾಡಬಹುದಾದ್ದು, ಪ್ರತಿ ಕಾಯಿಲ್‌ನಿಂದ ಒಂದು ಪಟ್ಟಿ ಕತ್ತರಿಸಿ ರೋಲಿಂಗ್ ದಿಕ್ಕಿಗೆ ಶೇ. 15ರಷ್ಟು ಎಳೆದು, ಗೆರೆ ಏಳುವುದೇ ನೋಡಿ, ಎದ್ದರೆ ಆ ಕಾಯಿಲ್ ಹಿಂದಿರುಗಿಸುವುದು.

ಪ್ರಶ್ನೆ: 420 ಸ್ಟೀಲಿನಲ್ಲಿ ಚಾಕು ಬಡಿಯುತ್ತೇನೆ. ಬಡಿಯುವಾಗ ಏನೂ ಆಗುವುದಿಲ್ಲ, ನೆಲದ ಮೇಲೆ ಆರಲು ಬಿಟ್ಟ ಅಲಗು ಮಾರನೆಯ ಬೆಳಿಗ್ಗೆ ನೋಡಿದರೆ ಬಿರುಕು ಬಿಟ್ಟಿರುತ್ತದೆ. (ಭದ್ರಾವತಿ)

ಉತ್ತರ: 420 ಗಾಳಿಯಲ್ಲಿ ಆರಿದರೂ ಪೂರ್ತಿ ಗಡಸಾಗುವ ಸ್ಟೀಲ್. ಬಿಸಿಯಲ್ಲಿ ಆಸ್ಟೆನೈಟ್, ನೆಲದ ಮೇಲೆ ಆರುವಾಗ ಮಾರ್ಟೆನ್ಸೈಟ್. ಹಾಗೆ ಬದಲಾಗುವಾಗ ಲೋಹ ಹಿಗ್ಗುತ್ತದೆ, ತೆಳು ಅಂಚು ಮೊದಲು, ದಪ್ಪ ಬೆನ್ನು ಆಮೇಲೆ. ಟೆಂಪರ್ ಆಗದ (ಮತ್ತೆ ಹದವಾಗಿ ಕಾಯಿಸದ) ಮಾರ್ಟೆನ್ಸೈಟ್ ಆ ಬಿಗಿತ ತಾಳಲಾರದೆ ಗಂಟೆಗಳ ನಂತರವೂ ಬಿರಿಯುತ್ತದೆ. ಕಾಯಿಸುವಾಗ 780ರ ಸುಮಾರಿಗೆ ಸ್ವಲ್ಪ ನಿಲ್ಲಿಸಿ, ಆಮೇಲೆ 1100ಕ್ಕೆ ಏರಿಸಿ, 900ಕ್ಕಿಂತ ಕೆಳಗೆ ಬಡಿಯಬೇಡಿ. ಬಡಿದು ಮುಗಿದೊಡನೆ, ಅಲಗು ಇನ್ನೂ ಕೆಂಪಗಿರುವಾಗಲೇ ಒಣ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂಳಿ. ಬೂದಿಯನ್ನೂ ಮೊದಲು ಬಿಸಿ ಮಾಡಿಟ್ಟಿರಿ, ತೆಳು ಅಲಗಿಗೆ ತಣ್ಣನೆ ಬೂದಿಯೂ ಬೇಗವೇ. ಅದೇ ದಿನ ಅನೀಲಿಂಗ್ ಮಾಡಿ: 840ರಿಂದ 900ಕ್ಕೆ ಕಾಯಿಸಿ, ಗಂಟೆಗೆ 20 ಡಿಗ್ರಿಯಂತೆ 600ರವರೆಗೆ ಕುಲುಮೆಯೊಳಗೇ ಇಳಿಸಿ. ಅಷ್ಟು ನಿಯಂತ್ರಣ ನಿಮ್ಮ ಕುಲುಮೆಗೆ ಇಲ್ಲದಿದ್ದರೆ 750ರಲ್ಲಿ ಎರಡು ಮೂರು ಗಂಟೆ ಇಟ್ಟು ಗಾಳಿಯಲ್ಲಿ ಆರಿಸಿದರೂ ಅಲಗು ಅರ ಹಿಡಿಯುವಷ್ಟು ಮೆದುವಾಗುತ್ತದೆ. ನಿಜವಾದ ಗಡಸು ಕೊಡುವ ಉಷ್ಣೋಪಚಾರವನ್ನು ಅಂಚು ಅರೆದು ಆಕಾರಕ್ಕೆ ತಂದ ಮೇಲೆ ಮಾಡಿ.